ವಿಳಂಬ ಕಾಲ: ಯಂತ್ರದ ಜೊತೆ ತಾಳ ಹಾಕುವುದು

ಡಿಸೆಂಬರಿನಲ್ಲಿ ಚೆನ್ನೈಯ ಸಂಗೀತ ಕಚೇರಿಗಳಿಗೆ ಹೋಗಿ ಬಂದವರಿಗೆ ಇದು ಹೊಸದಲ್ಲ. ಪ್ರಧಾನ ಕೃತಿ ಮುಗಿಸಿ ಗಾಯಕರು ಮೃದಂಗದ ಕಡೆಗೆ ತಿರುಗಿ ತಾಳವಾದ್ಯಗಳ ತನಿ ಆವರ್ತನಕ್ಕೆ ಬಿಟ್ಟುಕೊಟ್ಟ ಕೂಡಲೇ ಸಭಾಂಗಣದಲ್ಲಿ ಕುರ್ಚಿಗಳು ಕಿರುಗುಟ್ಟುತ್ತವೆ. ಕ್ಯಾಂಟೀನಿನ ಮುಂದೆ ದೋಸೆಗೂ ಕಾಫಿಗೂ ಸಾಲು ಬೆಳೆಯುವ ಹೊತ್ತು ಅದು. ಏಳದೆ ಕುಳಿತವರ ಬಲಗೈ ಮಾತ್ರ ತೊಡೆಯ ಮೇಲೆ ಏಳುತ್ತದೆ, ಬೀಳುತ್ತದೆ. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು. ಮತ್ತೆ ಪೆಟ್ಟು, ತಿರುವು, ಪೆಟ್ಟು, ತಿರುವು. ಆದಿತಾಳದ ಎಂಟು ಅಕ್ಷರ. ತಾಳ ಹಾಕಿರೆಂದು ಅವರನ್ನು ಯಾರೂ ಕೇಳಿಕೊಂಡಿಲ್ಲ, ಅದಕ್ಕಾಗಿ ಟಿಕೆಟ್ಟಿನಲ್ಲಿ ರಿಯಾಯಿತಿಯೂ ಇಲ್ಲ. ಆದರೂ ಮೃದಂಗದವರ ಕಣ್ಣು ಆಗಾಗ ಆ ಕೈಗಳ ಮೇಲೆ ಹೋಗುತ್ತದೆ. ಕೋರ್ವೆ ಎಂಬ ಬಿಗಿಯಾದ ಲೆಕ್ಕದ ಮುಕ್ತಾಯವೊಂದು ಸುತ್ತಿ ಬಳಸಿ ಕೊನೆಗೆ ಸರಿಯಾದ ಜಾಗಕ್ಕೆ ಬಂದು ಬಿದ್ದಾಗ ಮೊದಲ ಮೂರು ಸಾಲು ಒಟ್ಟಿಗೇ ತಲೆದೂಗುತ್ತದೆ.

ಪ್ರೇಕ್ಷಕರ ಚಲನೆಗೆ ಬೆಳಕು ಬದಲಾಗುವ, ನರ್ತಕಿಯ ಹೆಜ್ಜೆಗೆ ಪರದೆಯ ಚಿತ್ರ ಕದಲುವ, ವಾದಕರ ಪೆಟ್ಟಿಗೆ ಕಂಪ್ಯೂಟರ್ ಉತ್ತರ ಕೊಡುವ ಪ್ರಯೋಗಗಳನ್ನು ಈಗ ಇಂಟರಾಕ್ಟಿವ್ ಕಲೆ ಎನ್ನುತ್ತಾರೆ. ಅವುಗಳ ಬಗ್ಗೆ ಬರುವ ಲೇಖನಗಳಲ್ಲಿ ಹೆಚ್ಚಿನವು ಸಲಕರಣೆಗಳ ಪಟ್ಟಿ ಕೊಟ್ಟು ಮುಗಿಯುತ್ತವೆ: ಯಾವ ಕ್ಯಾಮೆರಾ, ಎಷ್ಟು ಪ್ರೊಜೆಕ್ಟರ್, ಯಾವ ತಂತ್ರಾಂಶ. ಈ ಉಪನ್ಯಾಸದ ಪ್ರಶ್ನೆ ಅದಲ್ಲ. ಕೂಡಿ ನುಡಿಸುವಾಗ ಕಾಲವನ್ನು ಹಿಡಿದುಕೊಂಡಿರುವವರು ಯಾರು, ತಡವಾದವರಿಗಾಗಿ ಕಾಯುವವರು ಯಾರು ಎಂಬುದು. ಇದನ್ನು ಕೇಳಲು ಚೆನ್ನೈಯ ಮೈಲಾಪುರಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಕನ್ನಡಕ್ಕೆ ಈ ವಿಷಯದಲ್ಲಿ ಒಂದು ಸಣ್ಣ ಅನುಕೂಲವಿದೆ. ಯಂತ್ರ ಉತ್ತರಿಸಲು ತೆಗೆದುಕೊಳ್ಳುವ ಹೊತ್ತಿಗೆ ಎಂಜಿನಿಯರುಗಳು ಲೇಟೆನ್ಸಿ ಎನ್ನುತ್ತಾರೆ. ಕನ್ನಡದಲ್ಲಿ ಅದು ವಿಳಂಬ. ಸರ್ಕಾರಿ ಕಡತದಲ್ಲಿ ವಿಳಂಬವೆಂದರೆ ತಡ; ಸಂಗೀತದ ಪಾಠದಲ್ಲಿ ವಿಳಂಬವೆಂದರೆ ನಿಧಾನಗತಿ. ಒಂದೇ ಪದದ ಈ ಎರಡು ಅರ್ಥಗಳು ನಿಜಕ್ಕೂ ಒಂದೇ ಕಡೆಯಿಂದ ಬರುತ್ತವೆ ಎಂದು ಪ್ರಯೋಗ ಮಾಡಿ ತೋರಿಸಿದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಗೀತ ಸಂಶೋಧಕ ಕ್ರಿಸ್ ಚೇಫ್ ಮತ್ತು ಅವರ ಸಂಗಡಿಗರು.

ಪ್ರಯೋಗ ಸರಳ. ಬೇರೆ ಬೇರೆ ಕೋಣೆಗಳಲ್ಲಿ ಕುಳಿತ ಇಬ್ಬರು ಇಯರ್‌ಫೋನಿನಲ್ಲಿ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತ ಚಪ್ಪಾಳೆಯ ಲಯವೊಂದನ್ನು ಹಂಚಿಕೊಂಡು ತಟ್ಟಬೇಕು. ನಡುವಿನ ತಂತಿಯಲ್ಲಿ ಸಂಶೋಧಕರು ಬೇಕೆಂದೇ ತಡ ಸೇರಿಸುತ್ತಾರೆ, 3 ಮಿಲಿಸೆಕೆಂಡಿನಿಂದ 78ರವರೆಗೆ. ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದ ಒಂದು ಪಾಲು. ಸುಮಾರು 10 ಮಿಲಿಸೆಕೆಂಡಿನವರೆಗೆ ಇಬ್ಬರೂ ತಮಗೇ ಗೊತ್ತಾಗದಂತೆ ವೇಗ ಹೆಚ್ಚಿಸಿಕೊಂಡರು. ಅಲ್ಲಿಂದ 21ರವರೆಗೆ ನಡೆ ನಿಂತಿತು. ಆಮೇಲೆ ಎಳೆಯತೊಡಗಿತು: ಎದುರಿನವರ ಚಪ್ಪಾಳೆ ಬರಲೆಂದು ಇವರು ಕೂದಲೆಳೆಯಷ್ಟು ಕಾಯುತ್ತಾರೆ, ಇವರು ಕಾಯುತ್ತಿದ್ದಾರೆಂದು ಅವರೂ ಕಾಯುತ್ತಾರೆ. ತಡವೆಂಬ ವಿಳಂಬ ವಿಳಂಬ ಕಾಲವಾಗಿ ಬಿಡುತ್ತದೆ. 66 ದಾಟಿದ ಮೇಲೆ ಲಯವೇ ಕದಡಿತು. ಬೇರೊಂದು ಲೆಕ್ಕದಲ್ಲಿ ಅವರು ಸರಿಯಾದ ತಡವನ್ನು 11.5 ಮಿಲಿಸೆಕೆಂಡು ಎಂದು ಅಂದಾಜು ಮಾಡಿದರು.

ಗಮನಿಸಬೇಕಾದ್ದು ಮೊದಲ ಫಲಿತಾಂಶವನ್ನು. ತಡವೇ ಇಲ್ಲದಿದ್ದರೆ ಜನ ಓಡುತ್ತಾರೆ. ಇಬ್ಬರು ಕೂಡಿ ನಡೆಯಲು ನಡುವೆ ಒಂದಿಷ್ಟು ಗಾಳಿ ಬೇಕು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಮೀಟರಿಗೆ ಸುಮಾರು 3 ಮಿಲಿಸೆಕೆಂಡು. ಕಚೇರಿಯ ವೇದಿಕೆಯ ಮೇಲೆ ಗಾಯಕರಿಗೂ ಮೃದಂಗದವರಿಗೂ ನಡುವೆ ಇರುವುದು ಹೆಚ್ಚೆಂದರೆ ಒಂದು ಮಾರು. ಐದು ಮಿಲಿಸೆಕೆಂಡು. ಉತ್ಸಾಹ ಏರಿದಾಗ ಕಚೇರಿಗಳು ಓಡುತ್ತವೆ, ಕಾಲಪ್ರಮಾಣ ನಿಲ್ಲುವುದಿಲ್ಲ ಎಂದು ಹಿರಿಯರು ಗೊಣಗುವುದಕ್ಕೂ ಈ ಒಂದು ಮಾರಿಗೂ ಸಂಬಂಧವಿದೆಯೋ ಏನೋ. ಇದು ಊಹೆ ಮಾತ್ರ.

ಇನ್ನೊಂದು ತುದಿಗೆ ಹೋದರೆ ಊಹೆ ಬೇಕಿಲ್ಲ. ಚೆನ್ನೈಯಿಂದ ನ್ಯೂಜೆರ್ಸಿಯ ಕಡೆಗೆ ಭೂಮಿಯ ಮೇಲೆ ನೇರ ದಾರಿ ಸುಮಾರು 13,500 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಭಾಗಿಸಿದರೆ ಬರುವುದು 67 ಮಿಲಿಸೆಕೆಂಡು ಚಿಲ್ಲರೆ. ಲಯ ಕದಡುವ ಗೆರೆ 66ರಲ್ಲಿದೆ. ಕೇಬಲ್ಲು ಅಳತೆಗೋಲಿಟ್ಟಂತೆ ನೆಟ್ಟಗೆ ಹೋದರೂ, ದಾರಿಯ ಯಂತ್ರಗಳು ಒಂದು ಕ್ಷಣವನ್ನೂ ನುಂಗದಿದ್ದರೂ ಮೈಲಾಪುರದ ಗುರು ಮತ್ತು ನ್ಯೂಜೆರ್ಸಿಯ ಎಡಿಸನ್ ಊರಿನ ಶಿಷ್ಯೆ ಒಟ್ಟಿಗೆ ತಾಳ ಹಾಕಲಾರರು. ಕಂಪ್ಯೂಟರಿನ ಮುಂದೆ ಕುಳಿತು ಸಾಗರದಾಚೆಯ ಮಕ್ಕಳಿಗೆ ಪಾಠ ಹೇಳುವ ಪ್ರತಿಯೊಬ್ಬರಿಗೂ ಇದು ಲೆಕ್ಕವಿಲ್ಲದೆಯೇ ಗೊತ್ತು. ಗುರು ಹಾಡುವಾಗ ಶಿಷ್ಯೆಯ ಮೈಕ್ ಮುಚ್ಚಿರುತ್ತದೆ, ಶಿಷ್ಯೆ ಹಾಡುವಾಗ ಗುರುಗಳ ಕೈ ಸುಮ್ಮನಿರುತ್ತದೆ. ಒಟ್ಟಿಗೆ ಹಾಡುವ ಪಾಠ ಹೋಗಿ ಸರದಿಯ ಪಾಠ ಉಳಿದಿದೆ.

2020ರ ಮಾರ್ಗಳಿಯಲ್ಲಿ, ಅಂದರೆ ಡಿಸೆಂಬರಿನ ಕಚೇರಿಗಳ ಕಾಲದಲ್ಲಿ, ಇಡೀ ಚೆನ್ನೈ ಈ ಗೋಡೆಗೆ ತಲೆ ಬಡಿದುಕೊಂಡಿತು. ಕೋವಿಡ್‌ನಿಂದ ಸಭಾಂಗಣಗಳು ಮುಚ್ಚಿದ್ದವು. 1928ರಲ್ಲಿ ಹುಟ್ಟಿದ ಮ್ಯೂಸಿಕ್ ಅಕಾಡೆಮಿ ಆ ವರ್ಷದ ಉತ್ಸವವನ್ನು ಅಂತರ್ಜಾಲದಲ್ಲಿ ನಡೆಸಿತು. ನಗರದ ಹಲವು ಸಂಗೀತ ಸಭೆಗಳು ಒಟ್ಟುಗೂಡಿ ‘ಯುವರ್ಸ್ ಟ್ರೂಲಿ ಮಾರ್ಗಳಿ’ ಎಂಬ ಹೆಸರಿನಲ್ಲಿ ಕಚೇರಿಗಳನ್ನು ಮನೆಮನೆಗೆ ಕಳಿಸಿದವು. ಲಾಕ್‌ಡೌನಿನ ಮೊದಲ ತಿಂಗಳುಗಳಲ್ಲಿ ಫೋನಿನ ತೆರೆಯನ್ನು ನಾಲ್ಕು ಚೌಕಗಳಾಗಿ ಸೀಳಿ ನಾಲ್ಕು ಮನೆಯವರು ಕೂಡಿ ಹಾಡುವ ವಿಡಿಯೋಗಳು ಹರಿದಾಡಿದ್ದು ನೆನಪಿರಬಹುದು. ಅವು ಕೂಡಿ ಹಾಡಿದ್ದಲ್ಲ. ಒಬ್ಬರು ಮೊದಲು ಹಾಡಿ ಕಳಿಸಿ, ಅದನ್ನು ಕಿವಿಗೆ ಹಾಕಿಕೊಂಡು ಮತ್ತೊಬ್ಬರು ನುಡಿಸಿ, ಕೊನೆಗೆ ಯಾರೋ ಹೊಲಿದದ್ದು. ಡಿಸೆಂಬರಿನ ಹೊತ್ತಿಗೆ ಕಲಾವಿದರು ಮತ್ತೆ ಒಂದೇ ವೇದಿಕೆಗೆ ಬಂದು ಖಾಲಿ ಕುರ್ಚಿಗಳ ಮುಂದೆ ಕ್ಯಾಮೆರಾಗಳಿಗೆ ನುಡಿಸಿದರು. ಒಂದು ಮಾರಿನ ದೂರ ಮರಳಿ ಸಿಕ್ಕಿತು, ತೊಡೆ ತಟ್ಟುವ ಕೈಗಳು ಸಿಗಲಿಲ್ಲ. ಕ್ಯಾಂಟೀನೂ ಇರಲಿಲ್ಲ.

ಹೀಗೆ ಹೊಲಿಯುವ ಕೆಲಸ ಚೆನ್ನೈಗೆ ಹೊಸತಲ್ಲ, ಕನ್ನಡಿಗರಿಗಂತೂ ಅಲ್ಲ. ಕನ್ನಡ ಚಿತ್ರರಂಗ ದಶಕಗಳ ಕಾಲ ಬದುಕಿದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಸಂಗೀತ ನಿರ್ದೇಶಕರಾದ ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ ಅವರ ಹಾಡುಗಳು ಅಲ್ಲಿ ರೆಕಾರ್ಡ್ ಆಗುತ್ತಿದ್ದಾಗ ಪಿಟೀಲಿನ ಸಾಲು, ತಬಲಾ, ಕೊಳಲು, ಗಾಯಕ ಎಲ್ಲರೂ ಒಂದೇ ಹೊತ್ತಿಗೆ ನುಡಿಸಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ವೆಂಕಟೇಶರ ಸಹಾಯಕರಾಗಿ ಈ ಶಿಸ್ತಿನಲ್ಲಿ ಪಳಗಿದವರು ಇಳಯರಾಜ. ಆಮೇಲೆ ಹಲವು ಟ್ರ್ಯಾಕುಗಳ ಯಂತ್ರ ಬಂತು, ಕಿವಿಯಲ್ಲಿ ಟಕ್ ಟಕ್ ಎನ್ನುವ ಕ್ಲಿಕ್ ಬಂತು. ಈಗ ಒಂದೇ ಹಾಡಿನ ಕೊಳಲೂ ಕಂಠವೂ ಒಂದನ್ನೊಂದು ನೋಡದೆಯೇ ಸೇರಬಹುದು. ಕ್ಲಿಕ್ ಯಾರಿಗೂ ಕಾಯುವುದಿಲ್ಲ, ಅದರ ಗುಣವೇ ಅದು.

ಕ್ಯಾಮೆರಾದ ಮುಂದೆ ಮತ್ತೊಂದು ಜೋಡಣೆ ನಡೆಯುತ್ತಿತ್ತು. ಪಿ.ಬಿ. ಶ್ರೀನಿವಾಸ್ ಹಾಡಿಟ್ಟ ಉಸಿರಿಗೆ ರಾಜ್‌ಕುಮಾರ್ ತುಟಿ ಸೇರಿಸಬೇಕು. 1974ರ ‘ಸಂಪತ್ತಿಗೆ ಸವಾಲ್’ನಿಂದಾಚೆಗೆ ರಾಜ್ ತಮ್ಮದೇ ಉಸಿರಿಗೆ ತಾವೇ ತುಟಿ ಸೇರಿಸುವಂತಾಯಿತು.  

ಕಚೇರಿಯ ವೇದಿಕೆ ಹತ್ತಿದ ಎಲೆಕ್ಟ್ರಾನಿಕ್ ತಂಬೂರಿಯೂ ಹೆಚ್ಚು ಕಡಿಮೆ ಕರ್ನಾಟಕದ್ದೇ. ಕೊಳಲು ನುಡಿಸುವ ಎಂಜಿನಿಯರ್ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ರೇಡೆಲ್ ಸಂಸ್ಥೆ ಕಟ್ಟಿ ಶ್ರುತಿಪೆಟ್ಟಿಗೆ, ಎಲೆಕ್ಟ್ರಾನಿಕ್ ತಂಬೂರಿ, ತಾಳ ಹೇಳುವ ಪೆಟ್ಟಿಗೆಗಳನ್ನು ತಯಾರಿಸಿದರು. ಒಬ್ಬರೇ ಕುಳಿತು ಅಭ್ಯಾಸ ಮಾಡುವ ಲಕ್ಷಾಂತರ ಮಂದಿಗೆ ಅದರಿಂದ ಆದ ಉಪಕಾರ ದೊಡ್ಡದು. ಆದರೆ ತಂಬೂರಿ ಮೀಟುತ್ತ ಹಿಂದೆ ಕುಳಿತಿರುತ್ತಿದ್ದ ಶಿಷ್ಯೆ ಶ್ರುತಿ ಕೊಡುವುದಷ್ಟೇ ಅಲ್ಲ, ಕೇಳುತ್ತಲೂ ಇದ್ದಳು. ಗುರುವಿನ ಉಸಿರು ಹಿಡಿದಾಗ ದನಿಗೂಡಿಸುತ್ತಿದ್ದಳು. ಪೆಟ್ಟಿಗೆ ಕೊಡುತ್ತದೆ, ಕೇಳುವುದಿಲ್ಲ. ಭರತನಾಟ್ಯದಲ್ಲಿ ನಷ್ಟ ಇನ್ನೂ ದೊಡ್ಡದು. ನಟ್ಟುವನಾರರು ತಾಳ ಹಿಡಿದು ನರ್ತಕಿಯ ಕಾಲನ್ನೇ ನೋಡುತ್ತ ಅರ್ಧ ಕ್ಷಣ ಹಿಡಿದೋ ಬಿಟ್ಟೋ ನಡೆಸಿಕೊಡುತ್ತಿದ್ದ ಜಾಗಕ್ಕೆ ಎಷ್ಟೋ ಕಡೆ ರೆಕಾರ್ಡ್ ಮಾಡಿಟ್ಟ ಹಾಡಿನ ಪೆನ್‌ಡ್ರೈವ್ ಬಂದಿದೆ. ಮೇಳಕ್ಕೆ ಕೊಡಲು ಹಣವಿಲ್ಲದ ಯುವತಿಯರನ್ನು ದೂರಿ ಫಲವಿಲ್ಲ. ಆದರೂ ನಾಟ್ಯದ ಕಾಲವನ್ನು ಅತಿ ಹೆಚ್ಚು ಬದಲಿಸಿದ ತಂತ್ರಜ್ಞಾನ ಯಾವುದೆಂದು ಕೇಳಿದರೆ ಸೆನ್ಸರಲ್ಲ, ಕ್ಯಾಮೆರಾವಲ್ಲ, ಈ ಬೆರಳುದ್ದದ ಪೆನ್‌ಡ್ರೈವ್.

ಸೆನ್ಸರುಗಳ ಕಥೆಗೆ ಬಂದರೆ ದಕ್ಷಿಣದಲ್ಲಿ ಮೊದಲು ಎತ್ತಬೇಕಾದ ಹೆಸರುಗಳಲ್ಲಿ ಜಯಚಂದ್ರನ್ ಪಾಲಾಳಿ ಒಬ್ಬರು. ಕೇರಳದವರಾದ ಅವರು ಚೆನ್ನೈಯಲ್ಲಿ ಧನಂಜಯನ್ ದಂಪತಿಗಳ ಬಳಿ ಭರತನಾಟ್ಯ ಕಲಿತು, ಲಂಡನ್ನಿನಲ್ಲಿ ಸಮಕಾಲೀನ ನೃತ್ಯ ಅಭ್ಯಸಿಸಿ, ಬೆಂಗಳೂರಿನ ಅಟ್ಟಕ್ಕಳರಿ ಕೇಂದ್ರವನ್ನು ಬೆಳೆಸಿದರು. ಅವರ ‘ಪುರುಷಾರ್ಥ’ದಲ್ಲಿ ಜಪಾನಿನ ಡಿಜಿಟಲ್ ಕಲಾವಿದ ಕುನಿಹಿಕೊ ಮಾತ್ಸುಓ ಜೊತೆಗಿದ್ದರು. ‘ಕ್ರೋನೋಟೋಪಿಯಾ’ಕ್ಕೆ ತಮಿಳಿನ ಶಿಲಪ್ಪದಿಕಾರಂ ಪ್ರೇರಣೆ; ರಂಗದ ಬೆಳಕು ಚಿತ್ರಗಳ ವಿನ್ಯಾಸ ಜರ್ಮನಿಯ ಕ್ರಿಸ್ ಝೀಗ್ಲರ್ ಅವರದು. ನೃತ್ಯ ಸಂಯೋಜಕ ವಿಲಿಯಂ ಫೋರ್ಸೈಥ್ ತಮ್ಮ ಚಲನೆಯ ವ್ಯಾಕರಣವನ್ನು ಸಿ.ಡಿ.ಗೆ ಇಳಿಸಿದಾಗ ಆ ಕೆಲಸದಲ್ಲಿದ್ದವರು ಈ ಝೀಗ್ಲರ್.

ಚಲನೆಗೆ ಚಿತ್ರ ಉತ್ತರಿಸುವಂಥ ರಂಗದ ಮೇಲೆ ಭರತನಾಟ್ಯದ ಅಡವನ್ನು, ಅಂದರೆ ಮೂಲ ಹೆಜ್ಜೆಯನ್ನು, ಇಟ್ಟು ನೋಡಿದರೆ ತೊಂದರೆ ಎಲ್ಲಿದೆ ಎಂದು ತಿಳಿಯುತ್ತದೆ. ನಿಮಿಷಕ್ಕೆ 60 ಪೆಟ್ಟಿನ ತಾಳದಲ್ಲಿ ತಟ್ಟಡವು ಮಾಡುವ ಹುಡುಗಿ ಮೂರನೆಯ ಕಾಲದಲ್ಲಿ ಪೆಟ್ಟಿಗೆ ನಾಲ್ಕು ಸಲ ನೆಲ ತಟ್ಟುತ್ತಾಳೆ. ಹೆಜ್ಜೆಗೆ 250 ಮಿಲಿಸೆಕೆಂಡು. 2010ರಲ್ಲಿ ಆಟಿಕೆಯಾಗಿ ಬಂದು ಜಗತ್ತಿನ ನೃತ್ಯ ಪ್ರಯೋಗಶಾಲೆಗಳನ್ನೆಲ್ಲ ಹೊಕ್ಕ ಕೈನೆಕ್ಟ್ ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಒಂದು ಚಿತ್ರಕ್ಕೇ 33 ಮಿಲಿಸೆಕೆಂಡು. ಅದನ್ನು ಕಂಪ್ಯೂಟರ್ ಓದಿ, ಕಾಲು ಯಾವುದು ಕೈ ಯಾವುದು ಎಂದು ತಿಳಿದು, ಹೊಸ ಚಿತ್ರ ಬರೆದು, ಪ್ರೊಜೆಕ್ಟರ್ ಅದನ್ನು ಚೆಲ್ಲುವ ಹೊತ್ತಿಗೆ ನೂರು ಮಿಲಿಸೆಕೆಂಡು ಸುಲಭವಾಗಿ ಕಳೆದಿರುತ್ತದೆ. ಬಲಗಾಲಿನ ತಟ್ಟಿಗೆ ಪರದೆಯ ಮೇಲೆ ಹೂವರಳುವಾಗ ಎಡಗಾಲು ಆಗಲೇ ಮೇಲೆದ್ದಿದೆ. ನೋಡುವವರಿಗೆ ತಾಳ ತಪ್ಪಿದ್ದು ನರ್ತಕಿಯೆಂದೇ ಕಾಣುತ್ತದೆ! ನಿಧಾನದ ಚಲನೆಗಳಲ್ಲಿ, ಹರಿಯುವ ಕೈಗಳಲ್ಲಿ ಇದು ಹೊಳೆಯುವುದಿಲ್ಲ. ಇಂಥ ಪ್ರಯೋಗಗಳಲ್ಲಿ ಬಹಳಷ್ಟು ಮಂಜಿನಂತೆ, ನೀರಿನಂತೆ ತೇಲುವುದಕ್ಕೆ ಸೌಂದರ್ಯಶಾಸ್ತ್ರ ಒಂದು ಕಾರಣವಾದರೆ ಈ ನೂರು ಮಿಲಿಸೆಕೆಂಡು ಮತ್ತೊಂದು.

ಹಿಂದಿನವರು ಇದನ್ನು ಬೇರೆ ರೀತಿಯಲ್ಲಿ ದಾಟಿದ್ದರು. 1965ರ ಜುಲೈಯಲ್ಲಿ ನ್ಯೂಯಾರ್ಕಿನಲ್ಲಿ ಮರ್ಸ್ ಕನಿಂಗ್‌ಹ್ಯಾಂ ನೃತ್ಯ ತಂಡ ‘ವೇರಿಯೇಷನ್ಸ್ ಫೈವ್’ ಪ್ರದರ್ಶಿಸಿದಾಗ ರಂಗದ ಮೇಲೆ ರಾಬರ್ಟ್ ಮೂಗ್ ಮಾಡಿಕೊಟ್ಟ ಆಂಟೆನಾಗಳಿದ್ದವು, ಬೆಲ್ ಪ್ರಯೋಗಾಲಯದ ಬಿಲ್ಲಿ ಕ್ಲೂವರ್ ಜೋಡಿಸಿದ ಬೆಳಕುಗಣ್ಣುಗಳಿದ್ದವು. ನರ್ತಕರು ಹತ್ತಿರ ಸುಳಿದರೆ ಟೇಪುಗಳಿಂದ, ರೇಡಿಯೋಗಳಿಂದ ಸದ್ದಿನ ದಾರಿ ತೆರೆಯುತ್ತಿತ್ತು. ಆದರೆ ಆ ಸದ್ದಿನಲ್ಲಿ ಯಾವುದನ್ನು ಸಭೆಗೆ ಬಿಡಬೇಕೆಂದು ಹಿಂದೆ ಮೇಜಿನ ಬಳಿ ನಿಂತ ಸಂಗೀತಕಾರರಾದ ಜಾನ್ ಕೇಜ್, ಡೇವಿಡ್ ಟ್ಯೂಡರ್ ಮುಂತಾದವರು ನಿರ್ಧರಿಸುತ್ತಿದ್ದರು. ಕೇಜ್‌ಗೆ ತಡದ ಚಿಂತೆಯಿರಲಿಲ್ಲ. ಹೆಜ್ಜೆಯೂ ಸದ್ದೂ ಸೇರಲೇಬೇಕೆಂಬ ಹಟವನ್ನೇ ಅವರು ಬಿಟ್ಟಿದ್ದರು. ಮರುವರ್ಷ ಅಕ್ಟೋಬರಿನಲ್ಲಿ ಅದೇ ನಗರದ ಹಳೆಯ ಸೇನಾಭವನವೊಂದರಲ್ಲಿ ಹತ್ತು ಮಂದಿ ಕಲಾವಿದರು ಸುಮಾರು ಮೂವತ್ತು ಎಂಜಿನಿಯರುಗಳ ಜೊತೆ ಒಂಬತ್ತು ಸಂಜೆಗಳ ಪ್ರದರ್ಶನ ನಡೆಸಿದರು. ಅಲ್ಲಿ ಕಲಾವಿದ ರಾಬರ್ಟ್ ರೌಶೆನ್‌ಬರ್ಗ್ ಟೆನ್ನಿಸ್ ಆಡಿಸಿದರು. ಬ್ಯಾಟಿನ ಹಿಡಿಯಲ್ಲಿ ಮೈಕ್ರೋಫೋನು. ಚೆಂಡು ತಗುಲಿದಾಗಲೆಲ್ಲ ಗಂಟೆಯಂಥ ಸದ್ದಾಗಿ ಒಂದು ದೀಪ ಆರುವುದು. 36 ದೀಪ ಆರಿದಾಗ ಆಟ ಮುಗಿಯಿತು, ಕತ್ತಲು. ಇಲ್ಲಿ ಎಲ್ಲರಿಗೂ ಅರ್ಥವಾಗುವಂಥ ಕಾರಣವಿತ್ತು, ಕಾರ್ಯವಿತ್ತು. ಚೆಂಡು ಆಚೆಯಿಂದ ಬರುವವರೆಗೆ ಕಾಯುವುದು ಆಟದ ನಿಯಮವೇ ಆದ್ದರಿಂದ ಯಂತ್ರದ ತಡ ಯಾರಿಗೂ ತೊಡಕಾಗಲಿಲ್ಲ.

ಮದ್ರಾಸಿನ ಕಡೆಯಿಂದ ಯಂತ್ರಕ್ಕೆ ಕಿವಿ ಕೊಡುವ ಕೆಲಸ ಸಾಗಿದ ದಾರಿ ಬೇರೆ. ಅದರ ಮೂಲ ಪ್ರೆಸಿಡೆನ್ಸಿ ಕಾಲೇಜಿನ ಹಳೆಯ ವಿದ್ಯಾರ್ಥಿ ಸಿ.ವಿ. ರಾಮನ್. ಬರಿಯ ಚರ್ಮದ ವಾದ್ಯ ಸ್ವರ ಕೊಡುವುದಿಲ್ಲ, ಗದ್ದಲ ಕೊಡುತ್ತದೆ. ಮೃದಂಗದ ನಡುವೆ ಮೆತ್ತುವ ಕಪ್ಪು ಕರಣೆಯಿಂದಾಗಿ ಅದರ ಕಂಪನಗಳು ಸ್ವರಶ್ರೇಣಿಗೆ ಬಂದು ಕೂರುತ್ತವೆ ಎಂದು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಶಿವಕಾಳಿ ಕುಮಾರ್ ಜೊತೆ ಬರೆದು, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೂ ವಿವರವಾಗಿ ಬರೆದರು. ಸುಮಾರು ಎಂಬತ್ತು ವರ್ಷಗಳ ನಂತರ, 2013ರಲ್ಲಿ, ಐ.ಐ.ಟಿ. ಮದ್ರಾಸಿನ ಹೇಮಾ ಮೂರ್ತಿ, ಅಶ್ವಿನ್ ಬೆಳ್ಳೂರ್ ಮತ್ತು ಸ್ವತಃ ಮೃದಂಗ ವಾದಕರಾದ ಅಕ್ಷಯ್ ಅನಂತಪದ್ಮನಾಭನ್ ಅದೇ ಕಂಪನಗಳ ಜಾಡು ಹಿಡಿದು, ಕಿವಿಗೆ ಬಿದ್ದ ಪೆಟ್ಟು ಯಾವುದೆಂದು ಕಂಪ್ಯೂಟರಿನಿಂದ ಹೇಳಿಸುವ ವಿಧಾನ ಪ್ರಕಟಿಸಿದರು. ಬಾರ್ಸಿಲೋನಾದ ಝೇವಿಯರ್ ಸೆರ್ರಾ 2011ರಲ್ಲಿ ಆರಂಭಿಸಿದ ಕಾಂಪ್‌ಮ್ಯೂಸಿಕ್ ಯೋಜನೆಯಲ್ಲಿ ಐ.ಐ.ಟಿ. ಮದ್ರಾಸೂ ಪಾಲುದಾರನಾಗಿತ್ತು. ಅದೇ ಯೋಜನೆಯಲ್ಲಿ ಅಜಯ್ ಶ್ರೀನಿವಾಸಮೂರ್ತಿ ತಾಳದ ಆವರ್ತನವನ್ನು ಧ್ವನಿಯಿಂದಲೇ ಹುಡುಕುವ ವಿಧಾನಗಳ ಮೇಲೆ ಡಾಕ್ಟರೇಟ್ ಮಾಡಿದರು.

ಪೆಟ್ಟು ಗುರುತಿಸುವುದು ಒಂದು, ತಾಳದಲ್ಲಿ ತಾನೆಲ್ಲಿದ್ದೇನೆ ಎಂದು ತಿಳಿಯುವುದು ಇನ್ನೊಂದು. ಪಾಶ್ಚಾತ್ಯ ಸಂಗೀತದಲ್ಲಿ ವಾದಕರನ್ನು ಹಿಂಬಾಲಿಸುವ ಕಂಪ್ಯೂಟರ್ 1984ರಲ್ಲೇ ಬಂದಿತ್ತು. ರೋಜರ್ ಡ್ಯಾನನ್‌ಬರ್ಗ್ ಮತ್ತು ಬ್ಯಾರಿ ವರ್ಕೋ ಬೇರೆ ಬೇರೆಯಾಗಿ ಒಂದೇ ವರ್ಷ ಅದನ್ನು ತೋರಿಸಿದರು. ಅದರ ಕೈಯಲ್ಲಿ ಬರೆದಿಟ್ಟ ಸ್ವರಲಿಪಿಯಿತ್ತು, ಬೆರಳಿಟ್ಟು ಓದುತ್ತ ಹೋದರೆ ಸಾಕಿತ್ತು. ಆಶುವಾಗಿ ಹಾಡುವ ಮನೋಧರ್ಮಕ್ಕೆ ಲಿಪಿಯಿಲ್ಲ. ಸಾಲದ್ದಕ್ಕೆ ಎಡುಪ್ಪು ಬೇರೆ. ಹಾಡು ತಾಳದ ಮೊದಲ ಪೆಟ್ಟಿನಲ್ಲೇ ಹೊರಡಬೇಕೆಂದಿಲ್ಲ. ಅದಕ್ಕೂ ಮೊದಲು ಹೊರಟರೆ ಅತೀತ, ಆಮೇಲೆ ಹೊರಟರೆ ಅನಾಗತ. ಎಷ್ಟೋ ಕೃತಿಗಳಲ್ಲಿ ಆ ಮೊದಲ ಪೆಟ್ಟು ಬೀಳುವ ಕ್ಷಣದಲ್ಲಿ ಯಾರೂ ಏನನ್ನೂ ನುಡಿಸುತ್ತಿರುವುದಿಲ್ಲ. ಅದು ಇರುವುದು ಗಾಯಕರ ಅಂಗೈಯಲ್ಲಿ ಮಾತ್ರ, ಮತ್ತೆ ಮೂರನೆಯ ಸಾಲಿನ ಯಾರದೋ ತೊಡೆಯ ಮೇಲೆ. ಮೈಕಿನಿಂದ ಮಾತ್ರ ಕೇಳುವ ಯಂತ್ರಕ್ಕೆ ಆ ಪೆಟ್ಟು ಇಲ್ಲವೇ ಇಲ್ಲ.

ಹಾಗಾದರೆ ಯಂತ್ರವನ್ನು ಕೂರಿಸಿಕೊಳ್ಳುವುದು ಹೇಗೆ? ಉತ್ತರದ ಒಂದು ತುಂಡು ತನಿಯಲ್ಲೇ ಇದೆ. ಮೃದಂಗ, ಘಟ, ಖಂಜಿರದವರು ತಮ್ಮ ತಮ್ಮ ಸರದಿ ನುಡಿಸಿದ ಮೇಲೆ ಕುರೈಪ್ಪು ಬರುತ್ತದೆ. ಒಬ್ಬರು ಕೆಲವು ಆವರ್ತನ ನುಡಿಸಿದರೆ ಇನ್ನೊಬ್ಬರು ಅಷ್ಟೇ ಉತ್ತರ ಕೊಡಬೇಕು; ಮುಂದೆ ಒಂದಕ್ಕೆ ಒಂದು, ಅರ್ಧಕ್ಕೆ ಅರ್ಧ, ಕಾಲಿಗೆ ಕಾಲು. ಕಿರಿದಾಗುತ್ತ ಕಿರಿದಾಗುತ್ತ ಕೊನೆಗೆ ಎಲ್ಲರೂ ಒಂದಾಗಿ ಮೋರಾ ಎಂಬ ಮುಕ್ತಾಯದ ನುಡಿ ಹಿಡಿದು ಕೋರ್ವೆಗೆ ನುಗ್ಗುತ್ತಾರೆ. ಸರದಿಯಲ್ಲಿ ನುಡಿಸುವಾಗ ನೂರು ಮಿಲಿಸೆಕೆಂಡಿನ ತಡ ಲೆಕ್ಕಕ್ಕೇ ಬಾರದು. ಉತ್ತರಕ್ಕೆ ಒಂದು ಇಡೀ ಆವರ್ತನದ ಅವಕಾಶವಿದೆ. 2005ರಲ್ಲಿ ಬಂದ ನಿಂಜಾಮ್ ಎಂಬ ತಂತ್ರಾಂಶ ದೂರದೂರಿನ ವಾದಕರನ್ನು ಸೇರಿಸಲು ಇದನ್ನೇ ಮಾಡಿತು: ತಡವನ್ನು ಕಡಿಮೆ ಮಾಡುವ ಗೋಜಿಗೆ ಹೋಗದೆ ಒಂದು ಪೂರ್ತಿ ಸುತ್ತಿನಷ್ಟು ಎಳೆದುಬಿಟ್ಟಿತು. ಪ್ರತಿಯೊಬ್ಬರೂ ಕೇಳುವುದು ಉಳಿದವರ ಹಿಂದಿನ ಸುತ್ತನ್ನು. ಅದನ್ನು ಬರೆದವರಿಗೆ ಕುರೈಪ್ಪು ಗೊತ್ತಿರಬೇಕಾದ ಅಗತ್ಯವಿರಲಿಲ್ಲ, ಆದರೆ ಚೆನ್ನೈಯ ಯಾವ ಘಟ ವಾದಕರಿಗಾದರೂ ಅದು ಐದು ನಿಮಿಷದಲ್ಲಿ ಅರ್ಥವಾಗುತ್ತದೆ.

ಕಷ್ಟವಿರುವುದು ಕೋರ್ವೆಯಲ್ಲಿ. ಅಲ್ಲಿ ಎಲ್ಲರೂ ಒಂದೇ ಕ್ಷಣಕ್ಕೆ ಬೀಳಬೇಕು, ಕೇಳಿ ಉತ್ತರಿಸಿದರೆ ತಡವಾಯಿತು ಎಂದೇ ಅರ್ಥ. ಮನುಷ್ಯರೂ ಅಲ್ಲಿ ಕೇಳಿ ನುಡಿಸುವುದಿಲ್ಲ. ಮೂರು ಸಲ ನುಡಿಸುವ ಕೋರ್ವೆಯ ಮೊದಲ ಸುತ್ತಿನಲ್ಲೇ ಲೆಕ್ಕ ಹಿಡಿದು ಮುಂದಿನ ಎರಡಕ್ಕೆ ಮೊದಲೇ ಸಿದ್ಧವಾಗಿರುತ್ತಾರೆ. ಯಕ್ಷಗಾನದಲ್ಲಿ ಹಾಡುತ್ತ ಆಟ ನಡೆಸುವ ಭಾಗವತರನ್ನು ಒಂದನೇ ವೇಷವೆನ್ನುವುದಕ್ಕೆ ಇದೂ ಒಂದು ಕಾರಣವಿರಬಹುದು. ವೇಷಧಾರಿ ಕುಣಿತವನ್ನು ಇನ್ನೆರಡು ಸುತ್ತು ಎಳೆಯುವನೋ ಬಿಡುವನೋ ಎಂಬುದು ಅವನ ಭುಜ ತಿರುಗುವ ಮೊದಲೇ ಅವರಿಗೆ ತಿಳಿದಿರಬೇಕು, ಅವರ ಜಾಗಟೆಯ ಹದದಿಂದ ಚಂಡೆಯವರಿಗೆ ತಿಳಿಯಬೇಕು. ಇಲ್ಲಿ ಹರಿದಾಡುವುದು ಸದ್ದಿಗಿಂತ ಮೊದಲಿನ ಸುದ್ದಿ.

ಈ ಸುದ್ದಿ ಹಿಡಿಯಬೇಕಾದ ಲ್ಯಾಪ್‌ಟಾಪ್ ಈಗ ಎಲ್ಲಿದೆ ನೋಡಬೇಕು. ಇಂಥ ಪ್ರದರ್ಶನಗಳಲ್ಲಿ ಅದನ್ನು ನಡೆಸುವವರು ಸಾಮಾನ್ಯವಾಗಿ ಸಭಾಂಗಣದ ಹಿಂಭಾಗದಲ್ಲಿ, ಮೈಕಿನವರ ಮೇಜಿನ ಪಕ್ಕ ಕತ್ತಲಲ್ಲಿ ಕುಳಿತಿರುತ್ತಾರೆ. ವೇದಿಕೆಯಿಂದ 30 ಮೀಟರ್ ಎಂದಿಟ್ಟುಕೊಂಡರೆ ಗಾಳಿಯಲ್ಲಿ ಸದ್ದು ಅಲ್ಲಿಗೆ ತಲುಪಲು 87 ಮಿಲಿಸೆಕೆಂಡು. ಅಂದರೆ ಸಭೆಯ ಕೊನೆಯ ಸಾಲು, ಗಾಜಿನ ಎಳೆಯ ಲೆಕ್ಕದಲ್ಲಿ, ನ್ಯೂಜೆರ್ಸಿಗಿಂತ ದೂರ. ಹೆಡ್‌ಫೋನ್ ಹಾಕಿಕೊಂಡರೆ ಆ ತಡ ಹೋಗುತ್ತದೆ, ಆದರೆ ಗಾಯಕರ ಅಂಗೈ ಅಲ್ಲಿಂದ ಸರಿಯಾಗಿ ಕಾಣುವುದಿಲ್ಲ, ಮೃದಂಗದವರು ಹುಬ್ಬೆತ್ತಿದ್ದು ಕಾಣುವುದೇ ಇಲ್ಲ. ಸಹವಾದ್ಯವೆಂದು ಹೆಸರಿಟ್ಟು ಕೊನೆಯ ಸಾಲಿನಲ್ಲಿ ಕೂರಿಸುವುದು ಘಟದವರಿಗೆ ಬಾಲ್ಕನಿಯಲ್ಲಿ ಜಮಖಾನ ಹಾಸಿದಂತೆ.

ಅದನ್ನು ವೇದಿಕೆಗೇ ತರಬೇಕು. ಖಂಜಿರದವರ ಪಕ್ಕ, ಮೃದಂಗಕ್ಕೆ ಒಂದು ಮಾರು ದೂರದಲ್ಲಿ, ನೆಲದ ಮೇಲೆ. ನಡೆಸುವವರು ಮೊದಲ ಕೆಲವು ಕಚೇರಿಗಳಲ್ಲಿ ಏನನ್ನೂ ನುಡಿಸದೆ ತಾಳ ಮಾತ್ರ ಹಾಕಿದರೂ ಆದೀತು. ಅಲ್ಲೊಂದು ಸಣ್ಣ ತೊಡಕಿದೆ. ಎರಡು ಕೈಯೂ ಕೀಲಿಮಣೆಯ ಮೇಲಿದ್ದರೆ ತಾಳ ಹಾಕುವುದು ಯಾವುದರಿಂದ? ಮೃದಂಗದವರಿಗೂ ಎರಡು ಕೈಯೂ ವಾದ್ಯದ ಮೇಲೆಯೇ ಇರುತ್ತವೆ, ಅವರು ಗಾಯಕರ ಕೈ ನೋಡುತ್ತಾರೆ.